ಸೋವಕ್ಕನ ಉಸಿರುಪೆಟ್ಟಿಗೆ

ಬಹಳ ಹಿಂದಿನ ಮಾತು. ಏಳು ಹೊಳೆಗಳ ಆಚೆ ಕೇದಗೆಪುರ ಎಂಬ ರಾಜ್ಯವಿತ್ತು. ಅಲ್ಲಿ ಸಂಜೆಯಾದರೆ ಸಾಕು, ಜನರೆಲ್ಲ ಮಾತು ನಿಲ್ಲಿಸಿ ಕೋಟೆಯ ಕಡೆ ಕಿವಿಗೊಡುತ್ತಿದ್ದರು. ಯಾಕೆಂದರೆ ಕೋಟೆಯ ಕೆಳಗಿನ ಹೊಳೆಯಾಚೆಯ ಕಾಡಿನಲ್ಲಿ ದನಿನುಂಗ ಎಂಬ ಮೃಗವಿತ್ತು. ಆನೆಯಷ್ಟು ಎತ್ತರ, ಮೈತುಂಬ ಬೂದಿ ಬಣ್ಣದ ಕೂದಲು. ಅದು ಮನುಷ್ಯರನ್ನು ತಿನ್ನುತ್ತಿರಲಿಲ್ಲ, ಅವರ ದನಿಯನ್ನು ನುಂಗುತ್ತಿತ್ತು. ಅದನ್ನು ಸಾಕಿದವನು ಕಾಳಜಂಘನೆಂಬ ಮಾಟಗಾರ. ಅವನಿಗೆ ಸ್ವಂತ ದನಿಯೇ ಇರಲಿಲ್ಲ. ಮೃಗ ನುಂಗಿದ ದನಿಗಳಿಂದಲೇ ಅವನು ಮಂತ್ರ ಹೇಳುತ್ತಿದ್ದ.

ಆ ಮೃಗವನ್ನು ಹೊಳೆಯಾಚೆಗೇ ತಡೆದಿದ್ದವಳು ಸೋವಕ್ಕ. ದಿನಾ ಸಂಜೆ ಕೋಟೆಯ ಬುರುಜು ಹತ್ತಿ ಅವಳು ಉಸಿರುಪೆಟ್ಟಿಗೆ ನುಡಿಸುತ್ತಿದ್ದಳು. ಆರು ಮೂಲೆಯ ಪುಟ್ಟ ಪೆಟ್ಟಿಗೆ ಅದು. ನಡುವೆ ಮಡಿಕೆ ಮಡಿಕೆಯಾದ ತೊಗಲಿನ ತಿದಿ, ಎರಡು ಬದಿಗೂ ಮೂಳೆಯ ಗುಂಡಿಗಳು. ಅಂಗೈಗಳ ನಡುವೆ ಹಿಡಿದು ಎಳೆದರೂ ಹಾಡುತ್ತಿತ್ತು, ಒತ್ತಿದರೂ ಹಾಡುತ್ತಿತ್ತು. ಅವಳ ಅಜ್ಜಿಯ ಅಜ್ಜಿಗೆ ಹಡಗಿನಲ್ಲಿ ಬಂದ ಪರದೇಶಿಯೊಬ್ಬ ಮಾರಿದ್ದನಂತೆ. ಕಾನ್ಸರ್ಟೀನ ಅಂತ ಅವನು ಹೇಳಿದ ಹೆಸರು ಊರವರ ನಾಲಿಗೆಗೆ ಹೊರಳಲಿಲ್ಲ. ಅದರ ನಾದ ಕೇಳಿದರೆ ದನಿನುಂಗ ತಲೆ ತಗ್ಗಿಸಿ ಕಾಡಿಗೆ ಮರಳುತ್ತಿತ್ತು.

ಆದರೆ ಸೋವಕ್ಕನ ಬೆರಳುಗಳು ಮರಗಟ್ಟತೊಡಗಿದವು. ಬೆಳಿಗ್ಗೆ ಎದ್ದರೆ ಮೊದಲು ಬೆರಳು ಮಡಚಿ ನೋಡುತ್ತಿದ್ದಳು. ನಿನ್ನೆ ಮಡಚಿದ್ದು ಇವತ್ತು ಮಡಚುತ್ತಿರಲಿಲ್ಲ. ಬುರುಜಿನ ಮೇಲೆ ಸ್ವರ ತಪ್ಪತೊಡಗಿತು. ಮೃಗ ಆಚೆ ದಡದ ಮರಳಿನ ತನಕ ಬಂತು. ಆಮೇಲೆ ನೀರಿನಂಚಿಗೆ ಬಂತು. ಆಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳನ್ನೇ ನೋಡತೊಡಗಿತು.

ಪೆಟ್ಟಿಗೆಯನ್ನು ಬೇರೆ ಕೈಗೆ ಕೊಡಲೇಬೇಕಾಯಿತು. ಅದಕ್ಕೊಂದು ಕಟ್ಟಳೆಯಿತ್ತು. ಕಿತ್ತುಕೊಂಡರೆ ಅದು ಮೂಕವಾಗುತ್ತಿತ್ತು, ಬಿಟ್ಟಿ ಕೊಟ್ಟರೂ ಮೂಕವಾಗುತ್ತಿತ್ತು. ಒಪ್ಪಿ ಮಾರಬೇಕು, ಮಾರಿದವರ ಮನಸ್ಸು ಅದರಲ್ಲೇ ಉಳಿಯಬಾರದು. ಅರಸ ಡಂಗುರ ಸಾರಿಸಿದ. ಸೋವಕ್ಕ ಜಗುಲಿಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಯಾರೂ ಬರದಿದ್ದರೆ ಏನು ಗತಿ ಅಂತ ಒಂದು ಭಯ, ಯಾರಾದರೂ ಬಂದುಬಿಟ್ಟರೆ ಅಂತ ಇನ್ನೊಂದು ಭಯ.

ಮೊದಲು ಬಂದವನು ರತ್ನದ ವ್ಯಾಪಾರಿ.

"ಇದನ್ನ ತಗೊಂಡು ಏನು ಮಾಡ್ತೀರಿ?" ಎಂದು ಸೋವಕ್ಕ ಕೇಳಿದಳು.

"ಗಾಜಿನ ಗೂಡಿನಲ್ಲಿ ಇಡ್ತೀನಿ. ಇಂಥ ಹಳೇ ಮಾಲು ಯಾರ ಮನೇಲೂ ಇಲ್ಲ."

"ಆಗೋದಿಲ್ಲ ಸ್ವಾಮಿ," ಎಂದಳು. ಅವನು ಮೂಗು ಮುರಿದು ಹೋದ.

ಎರಡನೆಯವನು ರೇಷ್ಮೆ ಶಲ್ಯ ಹೊದ್ದ ಸಂಗೀತಗಾರ. "ಇದನ್ನ ತಗೊಂಡು ಏನು ಮಾಡ್ತೀರಿ?" ಎಂದು ಸೋವಕ್ಕ ಕೇಳಿದಳು.

"ನುಡಿಸ್ತೀನಿ ತಾಯಿ," ಎಂದವನೇ ಪೆಟ್ಟಿಗೆ ಎತ್ತಿಕೊಂಡ. ಎಷ್ಟು ಚೆನ್ನಾಗಿ ನುಡಿಸಿದನೆಂದರೆ ಸೋವಕ್ಕನ ಕಣ್ಣು ತುಂಬಿ ಬಂತು. ಕೊನೆಗೂ ಒಬ್ಬ ಸಿಕ್ಕಿದ ಅಂತ ಉಸಿರು ಬಿಟ್ಟಳು.

"ನಿಮಗೆ ಬೆಲೆಯಾಗಿ ನಿಮ್ಮ ಬೆರಳನ್ನೇ ಕೊಡ್ತೀನಿ," ಎನ್ನುತ್ತ ಅವನು ಅವಳ ತೋರುಬೆರಳು ಮುಟ್ಟಿದ. ಮರಗಟ್ಟಿದ್ದ ಬೆರಳು ಬಳ್ಳಿಯಂತೆ ಬಾಗಿತು. "ಮಾರಿದೆ ಅನ್ನಿ. ಒಂದೇ ಮಾತು."

ಮಾತು ತುಟಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಬಾಣಂತಿ ಕೂಸನ್ನೆತ್ತಿಕೊಂಡು ಬೀದಿಗೆ ಓಡಿಬಂದಳು. ಕೂಸು ಬಾಯಿ ತೆರೆದು ಅಳುತ್ತಿತ್ತು, ಆದರೆ ಸದ್ದಿರಲಿಲ್ಲ. ಪೆಟ್ಟಿಗೆಯ ತಿದಿ ಆ ಅಳುವನ್ನು ಒಳಗೆಳೆದುಕೊಳ್ಳುತ್ತಿತ್ತು.

ಬಂದವನು ಕಾಳಜಂಘ! ಸೋವಕ್ಕ ಪೆಟ್ಟಿಗೆಯನ್ನು ಕಸಿದು ಎದೆಗವಚಿಕೊಂಡಳು. "ಮಾರೋದಿಲ್ಲ! ಎದ್ದು ಹೋಗು!"

ಕೂಸು ಕಿರುಚಿ ಅತ್ತಿತು. ಸೋವಕ್ಕನ ಬೆರಳು ಮತ್ತೆ ಸೆಟೆಯಿತು. "ಇವತ್ತು ಸಂಜೆ ಮೃಗ ಹೊಳೆ ದಾಟುತ್ತದೆ," ಎಂದು ಹತ್ತಾರು ಜನರ ದನಿಯಲ್ಲಿ ಹೇಳಿ ಮಾಟಗಾರ ಹೊಗೆಯಾಗಿ ಹೋದ.

ಬಿಸಿಲು ಇಳಿಯುತ್ತ ಬಂತು. ಮೂರನೆಯವನು ಬಂದ. ಹರಿಗೋಲು ಹಾಕುವ ಜಟಿಂಗ. ಹಿಂದೊಮ್ಮೆ ಆಚೆ ದಡಕ್ಕೆ ಹೋದಾಗ ದನಿನುಂಗ ಅವನ ದನಿಯನ್ನು ನುಂಗಿತ್ತು. ಅವನು ಪೆಟ್ಟಿಗೆಯನ್ನು ತಟ್ಟನೆ ಮುಟ್ಟಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು, ತೆಗೆದುಕೊಳ್ಳಲೇ ಎಂದು ಕಣ್ಣಲ್ಲೇ ಕೇಳಿದ. ಎತ್ತಿ ಕಿವಿಗಿಟ್ಟುಕೊಂಡ. ತೊಗಲಿನ ವಾಸನೆ ನೋಡಿದ. ಸವೆದ ಗುಂಡಿಗಳನ್ನು ಒಂದೊಂದಾಗಿ ಸವರಿ, ಆ ಸವೆತ ಮಾಡಿದ ಕೈಗಳನ್ನು ತಲೆಯೆತ್ತಿ ನೋಡಿದ.

"ಇದನ್ನ ತಗೊಂಡು ಏನು ಮಾಡ್ತೀಯಪ್ಪಾ?"

ಜಟಿಂಗ ತನ್ನ ಗಂಟಲು ಮುಟ್ಟಿ ತೋರಿಸಿದ, ಆಮೇಲೆ ಪೆಟ್ಟಿಗೆ ತೋರಿಸಿದ. ತೋಳಿನ ಬೆಳ್ಳಿ ಕಡಗ ತೆಗೆದು ಜಗುಲಿಯ ಮೇಲಿಟ್ಟ.

ಸೋವಕ್ಕ ಕಡಗವನ್ನು ಎತ್ತಿಕೊಂಡಳು. "ಮಾರಿದೆ," ಎಂದಳು.

ಇಬ್ಬರೂ ಬುರುಜು ಹತ್ತಿದರು. ಕೆಳಗೆ ದನಿನುಂಗ ಆಗಲೇ ನಡುನೀರಿನಲ್ಲಿತ್ತು. ಅದರ ಬೆನ್ನ ಮೇಲೆ ಕಾಳಜಂಘ ಕೂತಿದ್ದ. ಜಟಿಂಗ ತಿದಿ ಎಳೆದ. ಸದ್ದಿಲ್ಲ. ಒತ್ತಿದ. ಸದ್ದಿಲ್ಲ.

"ಕಿರುಬೆರಳು ಮೇಲಿಡು. ಹಾಗಲ್ಲ, ನಾನು ಹೇಳಿದ ಹಾಗೆ! ದಿನಾ ನಾನು ನುಡಿಸೋ ಪದ ಗೊತ್ತಲ್ಲ ನಿನಗೆ, ಅದನ್ನೇ ನುಡಿಸು!" ಸೋವಕ್ಕ ಅವನ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತುತ್ತಿದ್ದಳು. ಮೃಗ ಈಚೆ ದಡ ಹತ್ತಿತು. ಕಾವಲುಗಾರ ಕೂಗಲು ಹೋದ, ದನಿ ಹೊರಡಲಿಲ್ಲ. ಅಗಸೆಬಾಗಿಲ ಬಳಿ ಒಬ್ಬೊಬ್ಬರಾಗಿ ಜನ ಮೂಕರಾದರು.

ಆಗ ಸೋವಕ್ಕ ತನ್ನ ಕೈಯನ್ನೇ ನೋಡಿಕೊಂಡಳು. ಮಾರಿದೆ ಅಂದವಳು ಇನ್ನೂ ಹಿಡಿದುಕೊಂಡೇ ಇದ್ದಳು.

ಕೈ ತೆಗೆದಳು. "ನನ್ನ ಪದ ಬೇಡ, ತಮ್ಮಾ. ಅದು ನಿನ್ನ ಪೆಟ್ಟಿಗೆ. ನಿನಗೆ ತೋಚಿದ್ದು ನುಡಿಸು," ಎಂದು ಹೇಳಿ, ತಿರುಗಿ ನೋಡದೆ ಮೆಟ್ಟಿಲಿಳಿಯತೊಡಗಿದಳು.

ಅರ್ಧ ಇಳಿದಿರಲಿಲ್ಲ, ಮೇಲಿನಿಂದ ನಾದ ಬಂತು. ಅವಳು ಎಂದೂ ಕೇಳದ ಪದ. ಹರಿಗೋಲಿನ ಹುಟ್ಟು ನೀರಿಗೆ ಬಿದ್ದು ಏಳುವಂಥ ಲಯ. ದನಿನುಂಗ ನಿಂತಲ್ಲೇ ನಿಂತಿತು, ಮುಂಗಾಲು ಮಡಚಿ ಕುಸಿಯಿತು, ಬಾಯಿ ತೆರೆಯಿತು. ನುಂಗಿದ ದನಿಗಳೆಲ್ಲ ಹಕ್ಕಿಗಳ ಹಿಂಡಿನಂತೆ ಹೊರಗೆ ಹಾರಿ ತಮ್ಮ ತಮ್ಮ ಗಂಟಲು ಸೇರಿದವು. ಕಾಳಜಂಘ ಮಂತ್ರ ಹೇಳಲು ಬಾಯಿ ತೆರೆದ, ಹೇಳಲು ದನಿಯೇ ಉಳಿದಿರಲಿಲ್ಲ. ಹೊಳೆಯ ಗಾಳಿಗೆ ಒಣಗಿದ ಜೊಂಡಿನಂತೆ ಮುರಿದುಬಿದ್ದ. ಮೃಗ ಕುಗ್ಗಿ ಕುಗ್ಗಿ ಒಂದು ಸಾಧು ಎಮ್ಮೆಯಾಯಿತು.

"ಸೋವಕ್ಕಾ!" ಬುರುಜಿನ ಮೇಲಿಂದ ಯಾರೋ ಕೂಗಿದರು. ಜಟಿಂಗನ ದನಿ ಒರಟಾಗಿತ್ತು, ತುಕ್ಕು ಹಿಡಿದ ಬಾಗಿಲಿನ ಹಾಗೆ. "ಅಕ್ಕಾ, ಇದು ಹಾಡ್ತಿದೆ! ಕೇಳಿಸ್ತಾ?"

"ಕೇಳಿಸ್ತಪ್ಪಾ," ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಜಟಿಂಗ ಅವಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೊಳೆಗೆ ಇಳಿದ. ಹುಟ್ಟಿದಾಗಿನಿಂದ ಸೋವಕ್ಕ ಆಚೆ ದಡ ತುಳಿದವಳಲ್ಲ. ಅಲ್ಲಿ ಕಾರೆಹಣ್ಣು ಕಿತ್ತು ತಿಂದಳು, ನೀರಿಗೆ ಕಾಲು ಇಳಿಬಿಟ್ಟು ಕೂತಳು, ಹೊತ್ತು ಮುಳುಗಿದ್ದೇ ಅವಳಿಗೆ ಗೊತ್ತಾಗಲಿಲ್ಲ. ಕೇದಗೆಪುರದ ಮನೆಮನೆಯಲ್ಲೂ ಆ ಸಂಜೆ ಗಲಾಟೆಯೋ ಗಲಾಟೆ. ಆಮೇಲೆ ಅಲ್ಲಿನ ಜನ ಬಾಯಿತುಂಬ ಮಾತಾಡಿಕೊಂಡು, ಬೇಕಾದಾಗ ಜಗಳವಾಡಿಕೊಂಡು, ಬಹಳ ಕಾಲ ಸುಖವಾಗಿ ಬಾಳಿದರು.