ವಕುಳೆಯ ಪಿಟೀಲು ಮತ್ತು ದನಿಯ ಮಡಕೆ

ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟುವ ಮೊದಲು, ಮೂರು ಹೊಳೆಗಳು ಕೂಡುವ ಮಣಿಪುಳಿನವೆಂಬ ರಾಜ್ಯದಲ್ಲಿ, ಒಂದು ಬುಧವಾರ ಬೆಳಿಗ್ಗೆ ಅಕ್ಕತಂಗಿಯರಿಬ್ಬರು ಅಭ್ಯಾಸಕ್ಕೆ ಕುಳಿತರು. ಒಲೆಯ ಮೇಲೆ ಹಾಲಿತ್ತು. ಬೀದಿಯಲ್ಲಿ ಹತ್ತಿ ಹಿಂಜುವ ಮುದುಕನ ಬಿಲ್ಲು ಟಂಯ್ ಟಂಯ್ ಎನ್ನುತ್ತಿತ್ತು.

ಅಕ್ಕ ಕೋಮಲೆ ಹಾಡುವವಳು. ತಂಗಿ ವಕುಳೆ ಪಿಟೀಲಿನವಳು. ಆ ಪಿಟೀಲು ಕಡಲಾಚೆಯಿಂದ ಬಂದದ್ದು. ಅಲ್ಲಿ ಅದನ್ನು ನಿಂತು ನುಡಿಸುತ್ತಿದ್ದರಂತೆ. ನೆಲದ ಮೇಲೆ ಕೂರುವುದನ್ನು ಅದಕ್ಕೆ ಕಲಿಸಿದವನು ಅವರ ಮುತ್ತಜ್ಜ. ಮನೆಯ ಪದ್ಧತಿ ಒಂದೇ ಆಗಿತ್ತು. ಅಕ್ಕ ಹಾಡಬೇಕು, ತಂಗಿ ಅರೆ ಉಸಿರು ಹಿಂದೆ ನುಡಿಸುತ್ತ ಬರಬೇಕು. ಮೂವತ್ತು ವರ್ಷಗಳಲ್ಲಿ ವಕುಳೆ ಒಮ್ಮೆಯೂ ಮುಂದೆ ಹೋದವಳಲ್ಲ.

ಆ ಬೆಳಿಗ್ಗೆ ಮುತ್ತಜ್ಜನ ಹಾಡಿನ ಪಲ್ಲವಿ ಮುಗಿಯಿತು. ಅನುಪಲ್ಲವಿಗೆ ಅಕ್ಕ ಬಾಯಿ ತೆರೆದಳು. ದನಿ ಬರಲಿಲ್ಲ. ಕಿಟಕಿಯಿಂದ ತಾಮ್ರದ ರೆಕ್ಕೆಯ ಗಿಡುಗವೊಂದು ಕೊಕ್ಕಿನಲ್ಲಿ ಏನನ್ನೋ ಕಚ್ಚಿಕೊಂಡು ಹಾರಿಹೋಯಿತು.

ಅದು ಮಾಂತ್ರಿಕ ಕಲ್ಲುಮುಖನ ಗಿಡುಗ ಎಂದು ಊರಿನ ಹಿರಿಯರು ಹೇಳಿದರು. ಅವನು ಕರಿಗುಡ್ಡದ ಗವಿಯಲ್ಲಿ ಜನರ ದನಿಗಳನ್ನು ಮಡಕೆಗಳಲ್ಲಿ ಮುಚ್ಚಿಡುತ್ತಾನೆ. ಹುಣ್ಣಿಮೆಯೊಳಗೆ ಬಿಡಿಸದಿದ್ದರೆ ಒಳಗಿನ ದನಿ ಒಣಗಿ ಹೋಗುತ್ತದೆ. ಹುಣ್ಣಿಮೆಗೆ ಮೂರು ದಿನ ಉಳಿದಿತ್ತು.

ಅಕ್ಕ ಹಲಗೆಯ ಮೇಲೆ ಬಳಪದಿಂದ ಬರೆದಳು: ಹೋಗಬೇಡ.

“ನೀನು ಹಾಡಿದ ಮೇಲಲ್ಲವೇ ಅಕ್ಕಾ ನಾನು ನುಡಿಸುವುದು? ನೀನು ಹಾಡದಿದ್ದರೆ ನನಗೆ ಮನೆಯಲ್ಲೇನು ಕೆಲಸ?” ಎಂದು ವಕುಳೆ ಪಿಟೀಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು.

ಮೊದಲನೆಯ ದಿನ ಕರಿಗುಡ್ಡದ ಬುಡದಲ್ಲಿ ಕಲ್ಲಿನ ಆನೆಯೊಂದು ದಾರಿಗೆ ಅಡ್ಡ ನಿಂತಿತ್ತು. ಹಳೆಯ ಹಾಡೊಂದನ್ನು ಒಂದು ಸ್ವರವೂ ಜಾರದಂತೆ ನುಡಿಸಿದರೆ ದಾರಿ ಬಿಡುತ್ತೇನೆ, ಇಲ್ಲವಾದರೆ ತುಳಿಯುತ್ತೇನೆ ಎಂದಿತು. ವಕುಳೆ ಕುಳಿತಳು. ಪಿಟೀಲಿನ ತುದಿಯನ್ನು ಬಲಪಾದಕ್ಕೆ ಆನಿಸಿ ಶ್ರುತಿ ಮಾಡಿಕೊಂಡಳು. ಆಮೇಲೆ ಸುಮ್ಮನೆ ಕುಳಿತಳು.

“ಯಾಕೆ ಕಾಯುತ್ತೀ?” ಎಂದಿತು ಆನೆ.

“ಅಕ್ಕ ಶುರುಮಾಡಲಿ ಅಂತ,” ಎಂದಳು ವಕುಳೆ. ಹೇಳಿದ ಮೇಲೆ ಅವಳಿಗೆ ನೆನಪಾಯಿತು. ಆನೆ ಕಾಲೆತ್ತಿತ್ತು. ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅಕ್ಕನನ್ನು ಹಾಡಿಸಿದಳು, ಅರೆ ಉಸಿರು ಹಿಂದೆ ಕಮಾನು ಎಳೆದಳು. ಹಾಡು ಮುಗಿದಾಗ ಆನೆಯ ಕಾಲು ನೆಲಕ್ಕೆ ಇಳಿದಿತ್ತು. ಒಂದು ಸ್ವರವೂ ಜಾರಿರಲಿಲ್ಲ.

ಎರಡನೆಯ ದಿನ ಗುಡ್ಡದ ನಡುವೆ ಗಾಜಿನ ಹುಲಿ ಕುಳಿತಿತ್ತು. ನಾನು ಕೇಳದ್ದನ್ನು ನುಡಿಸಬೇಕು, ಕೇಳಿದ್ದಾದರೆ ತಿನ್ನುತ್ತೇನೆ ಎಂದಿತು. ವಕುಳೆ ಅಪರೂಪದ ರಾಗವೊಂದನ್ನು ಎತ್ತಿಕೊಂಡಳು. ಕೇಳಿದ್ದೇನೆ ಎಂದು ಹುಲಿ ಒಂದು ಹೆಜ್ಜೆ ಮುಂದೆ ಬಂತು. ಇನ್ನೂ ಅಪರೂಪದ್ದನ್ನು ನುಡಿಸಿದಳು. ಅದನ್ನೂ ಕೇಳಿದ್ದೇನೆ ಎಂದು ಇನ್ನೊಂದು ಹೆಜ್ಜೆ ಬಂತು.

ಆಗ ವಕುಳೆ ಚಿಕ್ಕಂದಿನಿಂದ ಯಾರಿಗೂ ಕೇಳಿಸದ್ದನ್ನು ನುಡಿಸಿದಳು. ಹಗಲೆಲ್ಲ ಬೀದಿಯಲ್ಲಿ ಕೇಳುತ್ತಿದ್ದ ಹತ್ತಿಯ ಬಿಲ್ಲಿನ ಟಂಕಾರವನ್ನು ಅವಳು ಮನೆಯವರು ಇಲ್ಲದಾಗ ಕೊಟ್ಟಿಗೆಯಲ್ಲಿ ಕುಳಿತು ತಂತಿಗೆ ತಂದುಕೊಂಡಿದ್ದಳು. ಬಿಲ್ಲಿನ ಹೊಡೆತ, ಹತ್ತಿ ಹಾರುವ ಹಗುರ, ಮುದುಕ ದಣಿದು ನಿಲ್ಲುವ ಮೌನ, ಮೂರೂ ಅದರಲ್ಲಿದ್ದವು.

ಹುಲಿ ಬೆಕ್ಕಿನಂತೆ ಕಾಲು ಮಡಚಿ ಕುಳಿತಿತು. “ಇದು ಯಾವ ರಾಗ?”

“ಇನ್ನೂ ಹೆಸರಿಟ್ಟಿಲ್ಲ.”

ಮೂರನೆಯ ದಿನ ಅವಳು ಗವಿ ಹೊಕ್ಕಳು. ಗೋಡೆಯುದ್ದಕ್ಕೂ ಮಡಕೆಗಳಿದ್ದವು. ನಡುವೆ ಕಲ್ಲುಮುಖ, ಅವನ ಹೆಗಲ ಮೇಲೆ ಎರಡು ತಲೆಯ ಗಂಡಭೇರುಂಡ.

“ಬಾರಮ್ಮ, ಅಕ್ಕನ ಸೆರಗು ಹಿಡಿದು ನಡೆದವಳೇ,” ಎಂದು ಅವನು ನಕ್ಕ. “ಹಳೆಯದು ನುಡಿಸಿದರೆ ಎಡಗೊಕ್ಕು ನುಂಗುತ್ತದೆ. ಹೊಸದು ನುಡಿಸಿದರೆ ಬಲಗೊಕ್ಕು ಸುಡುತ್ತದೆ. ಯಾವುದು ನುಡಿಸುತ್ತೀ?”

ವಕುಳೆ ಪಿಟೀಲನ್ನು ಪಾದಕ್ಕೆ ಆನಿಸಿ ಕುಳಿತಳು. ಮುತ್ತಜ್ಜನ ಹಾಡಿನ ತಾಳವನ್ನು ಮನಸ್ಸಿನಲ್ಲಿ ಹಿಡಿದಳು. ಅಕ್ಕ ಹಾಡುವ ಸಾಲುಗಳನ್ನು ಖಾಲಿ ಬಿಟ್ಟಳು. ಆ ಸಾಲುಗಳ ಸುತ್ತ ಹತ್ತಿಯ ಬಿಲ್ಲನ್ನು ನುಡಿಸಿದಳು. ಎಡದ ತಲೆ ಹಳೆಯ ಹಾಡನ್ನು ಹುಡುಕಿತು. ಅದರ ಜಾಗ ಇತ್ತು, ನುಂಗಲು ಹಾಡು ಇರಲಿಲ್ಲ. ಬಲದ ತಲೆ ಹೊಸದನ್ನು ಸುಡಲು ಬಾಯಿ ತೆರೆಯಿತು. ಅದು ಹಳೆಯ ತಾಳದಲ್ಲಿ ಎಷ್ಟು ಸರಿಯಾಗಿ ಕೂತಿತ್ತೆಂದರೆ ನೂರು ವರ್ಷದಿಂದ ಅಲ್ಲೇ ಇದ್ದಂತಿತ್ತು. ಎರಡು ತಲೆಗಳೂ ಒಂದನ್ನೊಂದು ಕೇಳಲು ತಿರುಗಿದವು. ಹುಟ್ಟಿದಾಗಿನಿಂದ ಅವು ಪರಸ್ಪರ ಮುಖ ನೋಡಿರಲಿಲ್ಲ. ನೋಡುತ್ತ ಹಾಗೆಯೇ ಉಳಿದವು.

ಪಲ್ಲವಿ ಮುಗಿಯಿತು. ಅನುಪಲ್ಲವಿಯ ಜಾಗ ಬಂತು. ವಕುಳೆ ಕಮಾನು ಎತ್ತಿ ನಿಲ್ಲಿಸಿದಳು.

ಮೂವತ್ತು ವರ್ಷ ಅದೇ ಜಾಗದಲ್ಲಿ ಎತ್ತಿಕೊಂಡ ದನಿಗೆ ಸುಮ್ಮನಿರಲು ಆಗಲಿಲ್ಲ. ಮೂರನೆಯ ಸಾಲಿನ ಮಡಕೆಯೊಂದು ಒಳಗಿನಿಂದ ಬಿರುಕುಬಿಟ್ಟಿತು. ಅಕ್ಕನ ದನಿ ಹಾಡುತ್ತಲೇ ಹೊರಗೆ ಬಂತು. ಅದರ ಹಿಂದೆ ಉಳಿದ ಮಡಕೆಗಳೂ ಒಡೆದವು. ಕದ್ದ ದನಿಗಳಿಂದಲೇ ಬದುಕಿದ್ದ ಕಲ್ಲುಮುಖ ಮಾತಾಡಲು ಬಾಯಿ ತೆರೆದ, ತೆರೆದಂತೆಯೇ ಬಂಡೆಯಾದ. ಅದರ ಮೇಲೆ ಈಗಲೂ ಆಡುಗಳು ಮಲಗುತ್ತವೆ.

ವಕುಳೆ ಊರು ಸೇರುವ ಮೊದಲೇ ದನಿ ಮನೆ ಸೇರಿತ್ತು. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

“ಕೈಕಾಲು ತೊಳೆದು ಬಾ. ಎಷ್ಟು ಬಡವಾಗಿದ್ದೀಯೇ,” ಎಂದಳು.

ದನಿ ಕಳೆದುಕೊಂಡಿದ್ದ ಕುರುಬರು, ದೋಣಿಯವರು, ತಾಯಂದಿರು ಎಲ್ಲರೂ ಮತ್ತೆ ಮಾತಾಡಿದರು, ಜಗಳವಾಡಿದರು, ಸುಖವಾಗಿ ಬಾಳಿದರು. ಹತ್ತಿಯ ಬಿಲ್ಲಿನ ಹಾಡು ಕೇಳಲು ರಾಜ ಅಕ್ಕತಂಗಿಯರನ್ನು ಸಭೆಗೆ ಕರೆಸಿದ. ಹತ್ತಿಯ ಸದ್ದಿಗೆ ಇಲ್ಲೇನು ಕೆಲಸ ಎಂದು ಮುದಿ ವಿದ್ವಾಂಸರೊಬ್ಬರು ಗೊಣಗಿದರು. ಈ ಪಿಟೀಲೂ ಒಂದು ಕಾಲಕ್ಕೆ ಹಡಗಿನಿಂದ ಇಳಿದದ್ದೇ ಅಲ್ಲವೇ ಸ್ವಾಮಿ ಎಂದು ಅಕ್ಕ ಕೇಳಿದಳು. ಹತ್ತಿ ಹಿಂಜುವ ಮುದುಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು.

ಶ್ರುತಿ ಕೂಡಿತು. ವಕುಳೆ ಎಂದಿನಂತೆ ಕಾದಳು. ಅಕ್ಕ ಅವಳ ಕಮಾನಿನ ಕಡೆ ನೋಡುತ್ತ ಕುಳಿತಿದ್ದಳು.

ಆ ಸಂಜೆ ಅಕ್ಕ ಅರೆ ಉಸಿರು ಹಿಂದೆ ಹಾಡಿದಳು.