ಮಂಗಳ ಹಾಡದ ಪುರಾಣ

ಗುರುಲಿಂಗಮ್ಮ ಬಂದಾಗ ಕಾಸೀಮಸಾಬ ತನ್ನ ಟಾಂಗಾದ ಗಾಲಿಗೆ ಎಣ್ಣೆ ಬಿಡುತ್ತಿದ್ದ. ಇರಕಲ್ಲಗಡದಿಂದ ಕೊಪ್ಪಳದ ತನಕ ನಡೆದೇ ಬಂದಿದ್ದ ಆಕೆ ಕಾಲಿನ ಕೆಸರನ್ನೂ ತೊಳೆಯದೆ, ಕಟ್ಟೆಯ ಮೇಲೆ ಅಡಕೆ ಕತ್ತರಿಸುತ್ತ ಕುಳಿತಿದ್ದ ಪೇಶಕಾರ ಮುದುಕಪ್ಪನವರ ಮುಂದೆ ನಿಂತಳು.

"ನನ್ನ ಗಂಡನ್ನ ಬಿಡಿಸಿಕೊಡ್ರಿ ಅಂತಷ್ಟ ಕೇಳಾಕ ಬಂದಿಲ್ರಿ. ನಮ್ಮ ವಾಚನಾಲಯಕ್ಕ ಬೆಂಕಿ ಇಟ್ಟಾವ ಯಾರಂತ ಹೇಳ್ರಿ. ಆಮ್ಯಾಲ ಅವಗ ಏನ ಮಾಡಬೇಕಂತ ನನಗ ಗೊತ್ತೈತಿ."

ಕಾಸೀಮಸಾಬನಿಗೆ ಆ ಹೆಣ್ಣುಮಗಳು ಅಲ್ಲೇ ಹಿಡಿಸಿಬಿಟ್ಟಳು. ಅಳುತ್ತ ಬರುವವರನ್ನು ಅವನು ಬೇಕಾದಷ್ಟು ನೋಡಿದ್ದ. ಮುದುಕಪ್ಪನವರು ಕಚೇರಿಯ ಕಾಗದಪತ್ರದ ಕೆಲಸ ಬಿಟ್ಟರೂ ಕಳ್ಳಕಾಕರ ಗೋಜು ಅವರನ್ನು ಬಿಟ್ಟಿರಲಿಲ್ಲ. ಕುಷ್ಟಗಿ, ಯಲಬುರ್ಗಿ, ಗಂಗಾವತಿ, ಎಲ್ಲೇ ಏನೇ ಕಳೆದರೂ ಜನ ಮೊದಲು ಈ ಕಟ್ಟೆಗೆ, ಆಮೇಲೆ ಠಾಣೆಗೆ. ಕರೆದುಕೊಂಡು ಹೋಗುವುದು ಮಾತ್ರ ಯಾವಾಗಲೂ ಕಾಸೀಮಸಾಬನ ಟಾಂಗಾ.

"ಕುಂದ್ರವ್ವ ತಂಗಿ, ಮೊದಲಿಂದ ಹೇಳು," ಎಂದರು ಮುದುಕಪ್ಪ.

ಅವಳು ಹೇಳಿದ್ದಿಷ್ಟು. ಲಡಾಯಿ ನಡೆದ ಕಾಲ, ನಲವತ್ನಾಲ್ಕರ ಶ್ರಾವಣ. ಇರಕಲ್ಲಗಡದ ವಾಚನಾಲಯದಲ್ಲಿ ಅವಳ ಗಂಡ ಅಮರಪ್ಪ ಹಗಲು ಪತ್ರಿಕೆ ಓದಿ ಹೇಳುತ್ತಿದ್ದ, ಸಂಜೆ ಪುರಾಣ ಓದುತ್ತಿದ್ದ. ಸಂಸ್ಥಾನದ ಗಡಿಯಾಚೆಯ ಪತ್ರಿಕೆ ಓದಿಸಿ ಜನರನ್ನು ಕೆಡಿಸುತ್ತಾರೆಂದು ಯಾರೋ ಚಾಡಿ ಹೇಳಿದರು. ಪುರಾಣ ಅರ್ಧಕ್ಕೆ ಬಂದಿರುವಾಗಲೇ ಅಮೀನ, ಎಂದರೆ ಪೋಲೀಸರ ಸಾಹೇಬ, ಬಂದು ಜನರನ್ನು ಹೊರಗೆ ಹಾಕಿ, ಬಾಗಿಲಿಗೆ ಬೀಗ ಜಡಿದು ಅರಗಿನ ಮೊಹರು ಒತ್ತಿದ. ಅಮರಪ್ಪ ಸಿಟ್ಟಿನಲ್ಲಿ, "ಇವರ ಕೈಗೆ ಸಿಗೂದಕ್ಕಿಂತ ಎಲ್ಲಾ ಸುಟ್ಟು ಹೋಗಲಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ಮುಂದಿನ ಸಂತೆಯ ದಿನ, ಊರೆಲ್ಲ ಸಂತೆಯಲ್ಲಿದ್ದಾಗ, ಒಳಗಿದ್ದದ್ದೆಲ್ಲ ಸುಟ್ಟೇ ಹೋಯಿತು. ಮೊಹರು ಇದ್ದಂತೆಯೇ ಇತ್ತು. ಅಮೀನ ಅಮರಪ್ಪನ ಕೈಗೆ ಬೇಡಿ ಹಾಕಿದ.

"ಅದರಾಗ ನನ್ನ ಮಗಳ ಪುಸ್ತಕ ಇತ್ರಿ," ಎಂದಳು ಗುರುಲಿಂಗಮ್ಮ. ಇಲ್ಲಿ ಮಾತ್ರ ದನಿ ಸಣ್ಣದಾಯಿತು. "ಹೊಳಿಯಮ್ಮ ಅಂತ ಹೆಸರು. ನಾನು ಬೀಸಾಗ ಹಾಡಿದ ಹಾಡು ಅಷ್ಟೂ ಕುಂತು ಬರದಿದ್ಲು. ಹ್ವಾದ ವರ್ಷ ಕಾಲರಾಕ್ಕ ಹ್ವಾದ್ಲು. ಅಕಿದು ಅಂತ ಉಳದದ್ದು ಅದೊಂದ. ಮನ್ಯಾಗ ಇಲಿ ಕಡೀತಾವಂತ ನಮ್ಮವರ ಅಲ್ಲೊಯ್ದು ಇಟ್ಟಿದ್ರು."

ಮುದುಕಪ್ಪ ಅಡಕೊತ್ತು ಮಡಚಿ ಎದ್ದರು. ಕಾಸೀಮಸಾಬ ಅಷ್ಟರಲ್ಲಿ ಕುದುರೆ ಹೂಡಿದ್ದ.

ವಾಚನಾಲಯವೆಂದರೆ ಒಂದೇ ಖೋಲಿ, ಮಣ್ಣಿನ ಮಾಳಿಗೆ. ಅಕ್ಕಪಕ್ಕದ ಮನೆಗಳ ಮಾಳಿಗೆಗಳೆಲ್ಲ ಒಂದಕ್ಕೊಂದು ಕೂಡಿದ್ದವು. ನಡುವೆ ಆಳು ಇಳಿಯುವಷ್ಟು ಬೆಳಕಿಂಡಿ. ಮೊಹರು ತೆಗೆದು ಬಾಗಿಲು ತೆರೆದ ಅಮೀನ ಮೀಸೆಯ ಮೇಲೆ ಕೈಯಾಡಿಸಿಕೊಂಡ.

"ಬೆಳಕಿಂಡಿಯಿಂದ ಎಣ್ಣಿ ಅರಿವಿ ಒಗದಾನ, ಮುಗೀತು. ಇದರಾಗ ಪತ್ತೆ ಮಾಡೂದು ಏನೈತಿ ಪೇಶಕಾರ್ರ?"

ಮುದುಕಪ್ಪ ಪಕ್ಕದ ಮನೆಯಿಂದ ಜರಡಿ ತರಿಸಿ, ಬೂದಿಯನ್ನೆಲ್ಲ ಜಾಲಿಸಲು ಕುಳಿತರು. ಕಾಸೀಮಸಾಬನ ಮೂಗು, ಬಾಯಿ, ಗಡ್ಡ ಎಲ್ಲ ಬೂದಿಯಾಯಿತು. ಟ್ರಂಕಿನ ಚಿಲಕ ಸಿಕ್ಕಿತು, ಕಪಾಟಿನ ಕಬ್ಬಿಣದ ತಿರುಗಣಿ ಸಿಕ್ಕವು, ಹಿತ್ತಾಳೆಯ ದೀಪ, ಕರಗಿದ ಮಸಿಕುಡಿಕೆ, ಗೋಡೆಯ ಮೊಳೆ, ಅಷ್ಟೇ.

"ಪುರಾಣದ ಹೊತ್ತಿಗಿ ಹೆಂಗಿತ್ತವ್ವ?" ಎಂದು ಕೇಳಿದರು ಮುದುಕಪ್ಪ.

"ಭಾಳ ದೊಡ್ಡದ್ರಿ. ಎರಡೂ ಕಡೆ ಮರದ ಹಲಗಿ, ಹಲಗಿ ತುಂಬ ಗುಂಡಿಯಂಥ ಹಿತ್ತಾಳಿ ಗುಬ್ಬಿ ಬಡದಿದ್ರು. ಕೊಟ್ರಬಸಪ್ಪ ಸಾಹುಕಾರ್ರು ಈ ವರ್ಷ ಅದಕ್ಕ ಹರಕಿ ಹೊತ್ತಿದ್ರು. ಅವರಿಗೆ ಹೊಟ್ಟಿಶೂಲಿ. ಪುರಾಣ ಪೂರಾ ಓದಿ ಮಂಗಳಾದ್ರ ಉಳೀತೀನಿ, ಅರ್ಧಕ್ಕ ನಿಂತ್ರ ನಾನೂ ಅರ್ಧಕ್ಕ ಹೋಗ್ತೀನಿ ಅಂತಿದ್ರು."

ಹೊರಗೆ ಬಂದರೆ ಬೇವಿನ ಗಿಡದ ಕೆಳಗೆ ಹೊಸ ಮಡಕೆಗಳ ಸಾಲು. ಪಕ್ಕದಲ್ಲಿ ಗಂಗಾವತಿ ಕಡೆಯ ವೆಂಕೋಬ, ಸೇಂದಿಯ ಗುತ್ತಿಗೆದಾರ, ಕಾಲು ಚಾಚಿ ಬೀಡಿ ಸೇದುತ್ತಿದ್ದ. ಪುಸ್ತಕ ಸುಟ್ಟ ಜಾಗದಲ್ಲಿ ಸೇಂದಿ ಅಂಗಡಿ! ಕಾಸೀಮಸಾಬನ ಕೈ ಚಾವಟಿಯ ಹಿಡಿಯನ್ನು ತಾನಾಗಿಯೇ ಬಿಗಿಹಿಡಿಯಿತು. ಅವನ ಮಟ್ಟಿಗೆ ಪತ್ತೇದಾರಿಕೆ ಅಲ್ಲಿಗೆ ಮುಗಿದಿತ್ತು.

"ಬೆಂಕಿ ಆರೂದರಾಗ ಮಡಕಿ ತಂದ್ಯಲ್ಲಪ್ಪ?" ಎಂದರು ಮುದುಕಪ್ಪ ಮೆತ್ತಗೆ.

"ಗುತ್ತಿಗಿ ನಂದು, ಅಂಗಡಿ ಇಡಬೇಕು. ಜಾಗ ಯಾರು ಕೊಟ್ರೂ ತಗೋತೀನ್ರಿ. ನನಗ ಪುಸ್ತಕ ಯಾಕ, ಪುರಾಣ ಯಾಕ? ಈ ಊರಾಗ ಒಂದ ದಿನಾನೂ ಕೇಳಾಕ ಕುಂತಿಲ್ಲ ನಾನು." ವೆಂಕೋಬ ಬೀಡಿಯ ತುಂಡನ್ನು ವಾಚನಾಲಯದ ಹೊಸ್ತಿಲಿಗೇ ಉಜ್ಜಿ ಆರಿಸಿದ.

"ಪೇಶಕಾರ್ರ, ಇವನ ಕುತ್ತಿಗಿ ಒಂಚೂರು ನನ್ನ ಕೈಯಾಗ ಕೊಡ್ರಿ," ಎಂದ ಕಾಸೀಮಸಾಬ.

"ತಡಿಯೋ. ಕುದುರಿಗಿಂತ ನಿನಗ ಲಗಾಮು ಜಾಸ್ತಿ ಬೇಕು."

ಕೊಟ್ರಬಸಪ್ಪ ಸಾಹುಕಾರನ ಮನೆ ವಾಚನಾಲಯದ ಗೋಡೆಗೆ ಗೋಡೆ. ಅವನೇ ವಾಚನಾಲಯದ ಅಧ್ಯಕ್ಷ. ಬಂದವರನ್ನು ಕಂಡದ್ದೇ ತಡ, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ಅವನ ಮುದಿ ತಾಯಿ ವಿರೂಪಾಕ್ಷಮ್ಮ ಒಂದು ತಟ್ಟೆಯಲ್ಲಿ ಹಸಿ ಕೊಬ್ಬರಿ ಹೋಳು, ಬೆಲ್ಲ ತಂದಿಟ್ಟಳು. ಬೂದಿ ನುಂಗಿದ್ದ ಕಾಸೀಮಸಾಬ ತಟ್ಟೆಯ ಅರ್ಧವನ್ನು ಒಬ್ಬನೇ ಖಾಲಿ ಮಾಡಿದ.

"ನನ್ನ ಗಂಡ ಕೊಟ್ಟ ಖೋಲಿ ಅದು," ಎಂದಳು ಮುದುಕಿ. "ಸಾಯೂ ಮುಂದ ಊರ ಮಂದಿ ಎದುರ ಹೇಳ್ಯಾರ. ಪುಸ್ತಕ ಒಳಗ ಇರೂತನಕ ಖೋಲಿ ಊರಿಂದು. ಪುಸ್ತಕ ಹೋದ ದಿನ ಮನಿತನಕ್ಕ ತಿರುಗಿ ಬರಬೇಕು ಅಂತ. ಸರಕಾರದವರು ಬೀಗ ಹಾಕಿದ್ರೇನಾತು, ಪುಸ್ತಕ ಒಳಗ ಇದ್ದೂವಲ್ಲ!"

"ಯವ್ವಾ, ಹಳೇ ಮಾತು ಯಾಕ ಈಗ," ಎಂದ ಮಗ.

"ಸಾಹುಕಾರ್ರ, ಹರಕಿ ಪುರಾಣ ಅರ್ಧಕ್ಕ ನಿಂತಿತಲ್ರಿ. ಹೊತ್ತಿಗಿನೂ ಸುಟ್ಟಿತು. ಮುಂದೇನು?" ಎಂದು ಕೇಳಿದರು ಮುದುಕಪ್ಪ.

"ಆದದ್ದಾತ್ರಿ. ಶಿವನ ಚಿತ್ತ."

ಬಾಗಿಲಲ್ಲಿ ನಿಂತಿದ್ದ ಗುರುಲಿಂಗಮ್ಮ ನಡುವೆ ಬಾಯಿ ಹಾಕಿದಳು. "ಮಠದಾಗ ಅದರದ ಇನ್ನೊಂದು ಪ್ರತಿ ಐತಿ, ತರಸ್ತೀನಿ, ಯಾರರೆ ಓದಿ ಮುಗಸ್ಲಿ ಅಂತ ನಾನ ಹೇಳಿದ್ದೆ. ಬ್ಯಾಡ ಅಂದ್ರು."

"ನಿನ್ನ ಗಂಡಗ ಹಿಂಗಾದಾಗ ನನಗ್ಯಾಕವ್ವ ಪುರಾಣ," ಎಂದು ಕೊಟ್ರಬಸಪ್ಪ ಮತ್ತೆ ವಸ್ತ್ರ ಹುಡುಕಿದ.

ಎಂಥ ದೊಡ್ಡ ಮನಸ್ಸು ಎಂದುಕೊಂಡ ಕಾಸೀಮಸಾಬ. ಮುದುಕಪ್ಪ ಮಾತ್ರ ಮುದುಕಿಯ ಕಡೆ ತಿರುಗಿ, "ಕಾಯಿ ಭಾಳ ಛಲೋ ಐತಿ ಆಯಿ. ದಿನಾ ಒಡೀತೀರೇನು?" ಎಂದರು.

"ನನ್ನ ಮಗ ಒಡಕೊಂಡು ತರತಾನಪ್ಪ. ಸಂಜಿ ಆತಂದ್ರ ಕಾಳಿನ ಕ್ವಾಣಿ ಹೊಕ್ಕು ಕದ ಹಾಕ್ಕೊಂತಾನ. ಒಳಗ ಏನೋ ಗೊಣಗತಾನ. ಹೊಟ್ಟಿಶೂಲಿ, ಪಾಪ."

ಮರುದಿನ ಬೆಳಿಗ್ಗೆ ಮುದುಕಪ್ಪ ಎಲ್ಲರನ್ನೂ ಅದೇ ಪಡಸಾಲೆಯಲ್ಲಿ ಕೂಡಿಸಿದರು. ಅಮೀನ ಬಂದ. ಬೇಡಿ ಹಾಕಿದ ಅಮರಪ್ಪನನ್ನು ಕರೆತಂದರು. ವೆಂಕೋಬನನ್ನು ಕಾಸೀಮಸಾಬನೇ ಹೋಗಿ ರಟ್ಟೆ ಹಿಡಿದು ತಂದ, ಅಷ್ಟು ಬಿಗಿಯಾಗಿ ಹಿಡಿಯುವ ಅಗತ್ಯವೇನೂ ಇರಲಿಲ್ಲ. ಊರಿನ ಜನ ಅಂಗಳ ತುಂಬಿದರು. ನಡುವೆ ಒಂದು ಮಡಕೆ ಬೂದಿ.

"ಅಮೀನಸಾಹೇಬ್ರ," ಎಂದು ಮುದುಕಪ್ಪ ಶುರು ಮಾಡಿದರು, "ಈ ಬೂದ್ಯಾಗ ಚಿಲಕ ಐತಿ, ದೀಪ ಐತಿ, ಮೊಳಿ ಐತಿ. ಪುರಾಣದ ಹಲಗಿಗೆ ಬಡದ ಹಿತ್ತಾಳಿ ಗುಬ್ಬಿ ಒಂದೂ ಇಲ್ಲ. ದೀಪದ ಹಿತ್ತಾಳಿ ಉಳದೈತಿ ಅಂದ ಮ್ಯಾಲ ಗುಬ್ಬಿ ಎಲ್ಲಿ ಹೋದವು? ಬೆಂಕಿ ಇಟ್ಟಾವ ಮ್ಯಾಲಿಂದ ಅರಿವಿ ಒಗದಿಲ್ಲ. ಬೆಳಕಿಂಡಿಯಿಂದ ಒಳಗ ಇಳದಾನ, ಪುರಾಣ ಒಂದನ್ನ ತಕ್ಕೊಂಡಾನ, ಆಮ್ಯಾಲ ಕಡ್ಡಿ ಗೀರ್‍ಯಾನ."

ಅಂಗಳದಲ್ಲಿ ಗುಜುಗುಜು ಎದ್ದಿತು.

"ವೆಂಕೋಬ ಆಗಿದ್ರ ಪುರಾಣಾನೂ ಸುಡತಿದ್ದ. ಅವಗ ಪುರಾಣನೂ ಒಂದ, ಪುಳ್ಳಿನೂ ಒಂದ. ಅಮರಪ್ಪ ಸುಟ್ಟಾನ ಅನ್ನಾಕ ನೀವು ಅವನ ಮಾತ ಹಿಡದೀರಿ. ಖರೆ, ಸಿಟ್ಟಿನ ಮಾತು. ಆದ್ರ ಒಂದ ಪುಸ್ತಕ ಉಳಿಸೂ ಹಂಗಿದ್ರ ಆ ತಂದಿ ಯಾವುದನ್ನ ಎತ್ತಕೊಂತಿದ್ದ? ಮಠದಾಗ ಇನ್ನೊಂದು ಪ್ರತಿ ಇರೂ ಪುರಾಣಾನೋ, ಸತ್ತ ಮಗಳ ಕೈಬರಹಾನೋ?"

ಅಮರಪ್ಪ ಬೇಡಿಯ ಕೈಗಳಲ್ಲೇ ಮುಖ ಮುಚ್ಚಿಕೊಂಡ. ಇಷ್ಟು ಸಣ್ಣ ಮಾತು ತನಗೆ ಹೊಳೆಯದೆ ಹೋಯಿತಲ್ಲ ಎಂದು ಕಾಸೀಮಸಾಬನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಇನ್ನ ಉಳದಾವ ಯಾರು? ಆ ಪುರಾಣ ನಿಂತ್ರ ತನ್ನ ಜೀವ ಹೋಗತೈತಿ ಅಂತ ನಂಬಿದಾವ. ಸಾಹುಕಾರ್ರ, ನೀವು ಹರಕಿ ಹೊತ್ತವರು. ಹೊತ್ತಿಗಿ ಸುಟ್ಟಿತು ಅಂದ್ರ ಎದಿ ಒಡಕೊಂಡು ಮಠಕ್ಕ ಓಡಬೇಕಿತ್ತು. ಮತ್ತೊಂದು ಪ್ರತಿ ತರಸ್ತೀನಿ ಅಂದ್ರ ಬ್ಯಾಡ ಅಂದ್ರಿ. ಯಾಕ ಅಂಜಿಕಿ ಇಲ್ಲ ನಿಮಗ? ಹೋಗಲಿ ಬಿಡ್ರಿ, ನನ್ನದು ತಪ್ಪಿರಬೇಕು. ಈ ಬೂದಿ ನಿಮ್ಮ ಪುರಾಣದ್ದು. ಮಂದಿ ಎದುರ ಇದನ್ನ ಎತ್ತಿ, 'ನನ್ನ ಪುರಾಣ ಸುಟ್ಟಿತು, ನನ್ನ ಹರಕಿ ಇಲ್ಲಿಗೆ ನಿಂತಿತು' ಅಂತ ಅಂದು, ಹಳ್ಳಕ್ಕ ಬಿಟ್ಟು ಬರ್‍ರಿ. ಅಷ್ಟ."

ಕೊಟ್ರಬಸಪ್ಪ ಮಡಕೆಗೆ ಕೈ ಹಾಕಿದ. ಎತ್ತಿದ. "ನನ್ನ ಪುರಾಣ..." ಎಂದ. ಹಣೆಯ ಮೇಲಿನ ವಿಭೂತಿ ಬೆವರಿಗೆ ಇಳಿಯತೊಡಗಿತು. ಬದುಕಿರುವ ಪುರಾಣವನ್ನು ಸತ್ತಿದೆ ಎಂದು ತನ್ನ ಬಾಯಿಂದಲೇ ನುಡಿಯಲು ಅವನಿಗೆ ಧೈರ್ಯ ಬರಲಿಲ್ಲ. ಮಡಕೆ ಕೈಜಾರಿ ಬಿದ್ದು ಒಡೆಯಿತು.

ಮುದುಕಿ ವಿರೂಪಾಕ್ಷಮ್ಮ ಗೋಡೆ ಹಿಡಿದು ಎದ್ದಳು. "ಕಾಳಿನ ಕ್ವಾಣಿ ಕದ ತಗಿ," ಎಂದಳು ಮಗನಿಗೆ. ಅವನು ಅಲುಗಲಿಲ್ಲ. ಅವನ ಸೊಂಟದ ಕೀಲಿಯನ್ನು ಅವಳೇ ಎಳೆದುಕೊಂಡಳು.

ಜೋಳದ ಚೀಲಗಳ ಹಿಂದೆ, ಮಣೆಯ ಮೇಲೆ, ಹೂ ಏರಿಸಿಕೊಂಡು ಕುಳಿತಿತ್ತು ಪುರಾಣ. ಹಿತ್ತಾಳೆಯ ಗುಬ್ಬಿಗಳು ಮಿಣಮಿಣ ಎನ್ನುತ್ತಿದ್ದವು. ಪಕ್ಕದಲ್ಲಿ ಒಡೆದ ತೆಂಗಿನಕಾಯಿಯ ಪರಟೆಗಳ ಗುಡ್ಡೆ.

"ನೀ ನಿನ್ನೆ ತಿಂದದ್ದು ಪುರಾಣದ ಪ್ರಸಾದ ಕಾಸೀಮ," ಎಂದರು ಮುದುಕಪ್ಪ. "ಓದಿದ ಮ್ಯಾಲ ದಿನಾ ಕಾಯಿ ಒಡೀಬೇಕಲ್ಲ. ತಂದಾಗಿಂದ ಒಂದ ದಿನಾನೂ ತಪ್ಪದಂಗ ತಾನ ಓದತಿದ್ದ, ಶ್ರಾವಣದ ಕಡೇ ಸೋಮವಾರ ಕನಕಗಿರಿ ಕಡೆ ಎಲ್ಲೆರೆ ಒಯ್ದು ಮಂಗಳ ಮಾಡಸಾವ ಇದ್ದ. ಪುಸ್ತಕ ಸುಟ್ಟರ ಖೋಲಿ ತನಗ, ಖೋಲಿ ಬಂದರ ಸೇಂದಿ ಅಂಗಡಿಗೆ. ಅಮೀನಸಾಹೇಬ್ರ, ನಿಮ್ಮ ಹತ್ರ ಚಾಡಿ ಹೇಳಿದಾವನೂ ಇವನ ಹೌದಲ್ರಿ?"

ಅಮೀನ ಮಾಳಿಗೆಯ ತೊಲೆ ನೋಡಿದ. ವೆಂಕೋಬ, "ಜಾಗ ಕೊಡತೀನಿ ಅಂತ ಆಷಾಢದಾಗ ಮಾತ ಕೊಟ್ಟಿದ್ರಿ ಇವರು," ಎಂದು ಬಾಯಿಬಿಟ್ಟ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಜನ ಒಮ್ಮೆಲೇ ಮುಂದಕ್ಕೆ ನುಗ್ಗಿದರು, ಎಲ್ಲರಿಗಿಂತ ಮುಂದೆ ಕಾಸೀಮಸಾಬ, ಚಾವಟಿ ಎತ್ತಿಕೊಂಡೇ.

"ಕಾಸೀಮಣ್ಣ, ನಿಂದರು!"

ಗುರುಲಿಂಗಮ್ಮ ಅಡ್ಡ ನಿಂತಿದ್ದಳು. ಅಮೀನ ಹೊಸ ಬೇಡಿ ತೆಗೆಯುತ್ತಿದ್ದ. ಅವಳು ಅವನತ್ತಲೂ ಕೈ ಎತ್ತಿದಳು.

"ನನ್ನ ಗಂಡನ ಬೇಡಿ ಬಿಚ್ಚರಿ ಸಾಹೇಬ್ರ. ಇವಗ ಹಾಕಬ್ಯಾಡ್ರಿ. ಬಾಗಿಲಿಗೆ ಮೊಹರು ಒತ್ತಿ ಮಾಳಿಗಿ ತೆರದು ಬಿಟ್ಟು ಹೋಗಿದ್ರಿ ಅಂತ ದೊಡ್ಡ ಸಾಹೇಬ್ರಿಗೆ ಗೊತ್ತಾದ್ರ ನಿಮಗೂ ಛಲೋ ಅಲ್ಲ. ಎಲ್ಲಿಂದೋ ಕಿಡಿ ಹಾರಿ ಬಿದ್ದು ಸುಟ್ಟಿತು ಅಂತ ಬರಕೊಳ್ರಿ. ಜೇಲಿಗೆ ಹೋದ್ರ ಇವ ಕುಂತು ಉಣತಾನ. ನನಗ ಇವ ಇಲ್ಲೇ ಬೇಕು."

ಅಮೀನ ಸ್ವಲ್ಪ ಹೊತ್ತು ಲೆಕ್ಕ ಹಾಕಿ ಅಮರಪ್ಪನ ಬೇಡಿ ಬಿಚ್ಚಿದ. ಗುರುಲಿಂಗಮ್ಮ ಪುರಾಣವನ್ನು ಎರಡೂ ಕೈಯಲ್ಲಿ ಎತ್ತಿ ಪಡಸಾಲೆಯ ನಡುವೆ ತಂದಿಟ್ಟು, ಕಣ್ಣಿಗೊತ್ತಿಕೊಂಡಳು.

"ಸಾಹುಕಾರ್ರ, ಅಂಜಬ್ಯಾಡ್ರಿ, ನಿಮ್ಮ ಪುರಾಣ ನಿಲ್ಲೂದಿಲ್ಲ. ಇವತ್ತಿನಿಂದ ಇಲ್ಲೇ, ನಿಮ್ಮ ಪಡಸಾಲ್ಯಾಗ, ನಾನ ಓದತೀನಿ. ದಿನಕ್ಕೊಂದ ಪದ್ಯ. ಮುಗದ್ರ ಮತ್ತ ಮೊದಲಿಂದ. ನೀವು ಸುಟ್ಟ ಪುಸ್ತಕ ಒಂದೂ ಬಿಡದಂಗ ಈ ಮನಿಗೆ ಬರಬೇಕು. ಬರೂತನಕ ಮಂಗಳ ಹಾಡೂದಿಲ್ಲ."

"ಮನಿ ನಂದು, ಮಾತೂ ನಂದು," ಎಂದಳು ಮುದುಕಿ. "ಓದವ್ವ."

ಪುರಾಣ ಕೇಳಲು ಕೂಡುವುದಕ್ಕೆ ಯಾವ ಸರ್ಕಾರದ ಅಡ್ಡಿಯೂ ಇರಲಿಲ್ಲ. ಒಂದು ಪದ್ಯಕ್ಕಾಗಿ ಜನ ಊಟ ಮುಗಿಸಿ ಬಂದವರು ಸರಿರಾತ್ರಿಯ ತನಕ ಕೂಡುತ್ತಿದ್ದರು. ಪದ್ಯದ ಮುಂಚೆ ಪತ್ರಿಕೆ, ಪದ್ಯದ ನಂತರ ಕತೆ, ಹೆಂಗಸರಿಗೆ ಅಕ್ಷರ. ಮುಚ್ಚಿದ ವಾಚನಾಲಯಕ್ಕಿಂತ ಇದು ದೊಡ್ಡದಾಯಿತು. ಅಮೀನ ಒಂದೆರಡು ಸಲ ಬಂದು, ಕೊಬ್ಬರಿ ಬೆಲ್ಲ ತಿಂದು ಹೋದ. ವೆಂಕೋಬ ಮಡಕೆ ಕಟ್ಟಿಕೊಂಡು ಊರು ಬಿಟ್ಟ.

ಕೊಟ್ರಬಸಪ್ಪ ಗದಗಕ್ಕೆ ಹೋದ, ಹುಬ್ಬಳ್ಳಿಗೆ ಹೋದ. ಕೊಪ್ಪಳದ ಟೇಶನ್ನಿನಿಂದ ಪುಸ್ತಕದ ಗಂಟು ಹೊತ್ತು ತರುವುದು ಕಾಸೀಮಸಾಬನ ಟಾಂಗಾವೇ. ದಾರಿಯುದ್ದಕ್ಕೂ ಸಾಹುಕಾರ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ, ಕಾಸೀಮಸಾಬ ಬೇಕೆಂದೇ ಗಾಲಿಯನ್ನು ತಗ್ಗಿಗೆ ಇಳಿಸುತ್ತಿದ್ದ. ಮುಂದಿನ ಶ್ರಾವಣದ ಹೊತ್ತಿಗೆ ಪಡಸಾಲೆಯ ಗೂಡುಗಳೆಲ್ಲ ತುಂಬಿದವು.

"ಈಗರೆ ಮಂಗಳ ಹಾಡವ್ವ," ಎಂದು ಕೊಟ್ರಬಸಪ್ಪ ಕೈ ಮುಗಿದ. "ಎಲ್ಲಾ ಬಂದಾವು."

"ಇನ್ನೂ ಒಂದ ಬರಬೇಕ್ರಿ."

"ಯಾವುದು? ಹೆಸರ ಹೇಳು, ಕಾಶಿಗೆ ಹೋಗಿ ತರತೀನಿ."

ಗುರುಲಿಂಗಮ್ಮ ಪುರಾಣದ ಹಲಗೆ ಮುಚ್ಚಿದಳು.

"ಹೊಳಿಯಮ್ಮ ಬರದದ್ದು," ಎಂದಳು. "ನಾಳಿ ಸಂಜಿಗೆ ಲಗೂ ಬರ್‍ರಿ. ಒಂದ ಪದ್ಯ ಐತಿ."