ಗುಂಡನ ಹೊಟ್ಟೆ ಸರಿಹೋದ ಮೇಲೆ

ಮೊದಲ ಸಲ ಅವನು ನನ್ನ ಕ್ಲಿನಿಕ್ಕಿಗೆ ಬಂದಾಗ ಒಂದು ತೋಳಿನಲ್ಲಿ ದಪ್ಪ ಬೆಕ್ಕಿತ್ತು, ಇನ್ನೊಂದು ಕೈಯಲ್ಲಿ ಮುಚ್ಚಳ ಬಿಗಿದ ಡಬ್ಬಿ. ಡಬ್ಬಿಯಲ್ಲಿ ಏನಿತ್ತೆಂದು ಪ್ರೇಮದ ಕಥೆಯಲ್ಲಿ ಹೇಳಬಾರದು. ಆದರೆ ನಾನು ಬೆಕ್ಕು ನಾಯಿಗಳ ಡಾಕ್ಟರು, ನನಗೆ ನಾಚಿಕೆ ಕಡಿಮೆ. ಬೆಕ್ಕಿನ ಭೇದಿ.

“ಅಕ್ಕನ ಬೆಕ್ಕು ಡಾಕ್ಟ್ರೇ, ಗುಂಡ ಅಂತ. ಅಕ್ಕ ಊರಲ್ಲಿಲ್ಲ. ಬರೋದ್ರೊಳಗೆ ಇವನ ಬೊಜ್ಜು ಕರಗಿಸಿ ಫಿಟ್ ಮಾಡೋಣ ಅಂತ...”

“ಏನು ಕೊಟ್ರಿ?”

“ಹೈ ಪ್ರೊಟೀನ್ ಡ್ರೈ ಫುಡ್. ಹಳೇದನ್ನ ಎತ್ತಿಟ್ಟು, ಅವತ್ತಿಂದಲೇ ಬಟ್ಟಲು ತುಂಬಾ.”

ಅವನ ಟೀ ಶರ್ಟಿನ ಮೇಲೆ ಜಿಮ್ಮಿನ ಹೆಸರಿತ್ತು. ಟ್ರೇನರ್! ಶಿಷ್ಯರಿಗೆ ಕೊಡುವ ಉಪದೇಶವನ್ನೇ ಬೆಕ್ಕಿಗೂ ಕೊಟ್ಟಿದ್ದ.

“ಪ್ರೊಟೀನ್ ಜಾಸ್ತಿಯಾಗಿ ಹೀಗಾಯ್ತಾ?” ಎಂದ. ಅಷ್ಟು ಅಗಲದ ಭುಜಗಳು ಜೋತುಬಿದ್ದಿದ್ದವು.

“ಪ್ರೊಟೀನ್ ಪಾಪ ಏನು ಮಾಡ್ತು? ಬೆಕ್ಕು ಮಾಂಸ ತಿನ್ನೋ ಪ್ರಾಣಿ, ಅದಕ್ಕೆ ಬೇಕಾದ್ದೇ ಅದು. ತಪ್ಪು ನಿಮ್ಮ ಆತುರದ್ದು. ಕರುಳು ಹೊಸದಕ್ಕೆ ಹೊಂದಿಕೊಳ್ಳೋಕೆ ಟೈಮ್ ಬೇಡ್ವಾ? ಸದ್ಯಕ್ಕೆ ಹಳೇ ಊಟಾನೇ ಕೊಡಿ. ಭೇದಿ ನಿಂತ ಮೇಲೆ ಹೊಸದನ್ನ ಸ್ವಲ್ಪ ಸ್ವಲ್ಪ ಬೆರೆಸ್ತಾ ಹೋಗಿ. ಒಣ ಆಹಾರ ಅಂದ್ಮೇಲೆ ನೀರೂ ಚೆನ್ನಾಗಿ ಕುಡೀಬೇಕು, ಮನೇಲಿ ಎರಡು ಮೂರು ಕಡೆ ಇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಕೇಳಿಲ್ವಾ?”

ಅವನು ತಲೆ ಎತ್ತಿ ನಕ್ಕ. ಬೈಸಿಕೊಂಡು ಅಷ್ಟು ಚೆಂದವಾಗಿ ನಗುವವರನ್ನು ನಾನು ಕಂಡಿರಲಿಲ್ಲ. ಇವನು ನನಗೆ ಇಷ್ಟ ಎಂದು ಅಲ್ಲೇ ನಿರ್ಧರಿಸಿದೆ. ಸುತ್ತಿ ಬಳಸಿ ಯೋಚಿಸುವುದು ನನ್ನ ಜಾಯಮಾನವಲ್ಲ. ಆದರೆ ಮಾತು ಅವನ ಬಾಯಿಂದಲೇ ಬರಲಿ ಎಂದು ಕಾದೆ.

ದಿನ ಬಿಟ್ಟು ದಿನ ಬರತೊಡಗಿದ. ಗುಂಡನನ್ನು ಮೇಜಿನ ಮೇಲೆ ಇಬ್ಬರೂ ಹಿಡಿದುಕೊಳ್ಳುವಾಗ ಕೈಗೆ ಕೈ ತಾಕುತ್ತಿತ್ತು. ಅವನು ಕೈ ತೆಗೆಯುತ್ತಿರಲಿಲ್ಲ, ನಾನೂ ಅಷ್ಟೆ. ಗುಂಡ ಮಾತ್ರ ಇಬ್ಬರನ್ನೂ ದುರುಗುಟ್ಟಿ ನೋಡುತ್ತಿದ್ದ.

“ಇನ್ನೂ ಸರಿಹೋಗಿಲ್ಲ ಡಾಕ್ಟ್ರೇ,” ಎಂದು ಶುಕ್ರವಾರವೂ ಹೇಳಿದ. ನಾನೇ ಕೇಳಿದ್ದಕ್ಕೆ ಈ ಸಲ ಡಬ್ಬಿಯನ್ನೂ ತಂದಿದ್ದ.

ತೆರೆದು ನೋಡಿದೆ. ಗಟ್ಟಿಯಾಗಿ, ಅಚ್ಚುಕಟ್ಟಾಗಿ, ನನ್ನ ಕಾಲೇಜಿನ ಪುಸ್ತಕದಲ್ಲಿ ಚಿತ್ರ ಹಾಕಬಹುದಾದಷ್ಟು ಆರೋಗ್ಯವಾಗಿತ್ತು.

“ಬೆಕ್ಕು ಸುಳ್ಳು ಹೇಳಲ್ಲ ಪೈಲ್ವಾನ್ರೇ. ಯಾವತ್ತಿಂದ ಹೀಗಿದೆ?”

ಅವನ ಕಿವಿ ಕೆಂಪಾಯಿತು. “ಹೋದ ವಾರದಿಂದ.”

“ಕಣ್ಣು ಮುಚ್ಚಿಕೊಂಡು ಹಾಲು ಕುಡಿಯೋದು ಬೆಕ್ಕಿನ ಬುದ್ಧಿ. ನಿಮಗ್ಯಾಕೆ ಬಂತು?”

“ಭಾನುವಾರ ಅಕ್ಕ ಬಂದು ಗುಂಡನ್ನ ಕರ್ಕೊಂಡು ಹೋಗ್ತಾಳೆ. ಆಮೇಲೆ ಯಾರ ಹೊಟ್ಟೆ ನೆಪ ಹೇಳ್ಕೊಂಡು ನಾನಿಲ್ಲಿಗೆ ಬರ್ಲಿ?”

ಅಕ್ಕ ಬರುವ ದಿನವನ್ನು ಅವನು ಮೊದಲೇ ಹೇಳಿದ್ದ, ಆ ಭಾನುವಾರ ನೆನಪಾದಾಗಲೆಲ್ಲ ನನಗೂ ಊಟ ರುಚಿಸುತ್ತಿರಲಿಲ್ಲ. ಆದರೂ ಗ್ಲೌಸ್ ಬಿಚ್ಚಿ, ಕೈ ತೊಳೆದು, ನಿಧಾನವಾಗಿ ಒರೆಸಿಕೊಂಡೆ. ಕಾಯಲಿ ಸ್ವಲ್ಪ.

“ಹೊಸದನ್ನ ಒಂದೇ ಸಲ ಸುರೀಬಾರ್ದು ಅಂತ ನೀವೇ ಹೇಳಿದ್ರಲ್ಲ,” ಗುಂಡನ ಬೆನ್ನು ಸವರುತ್ತ ಅವನು ಶುರುಮಾಡಿದ. “ಅದಕ್ಕೇ, ಈ ವಾರ ಒಂದು ಕಾಫಿ. ಬರೋ ವಾರ ಒಂದು ಸಿನಿಮಾ. ಹಾಗೇ ಸ್ವಲ್ಪ ಸ್ವಲ್ಪ ಬೆರೆಸ್ತಾ...”

“ಅದು ಬೆಕ್ಕಿಗೆ ಹೇಳಿದ್ದು. ನನಗೆ ಎಲ್ಲಾ ಅರಗುತ್ತೆ. ಒಂದೇ ಸಲಕ್ಕೆ ಹೇಳಿ.”

ಬೆನ್ನು ಸವರುತ್ತಿದ್ದ ಕೈ ನಿಂತಿತು. ಅವನು ನನ್ನ ಕಣ್ಣನ್ನೇ ನೋಡಿದ.

“ನಿಮ್ಮನ್ನ ಪ್ರೀತಿಸ್ತೀನಿ. ನನ್ನ ಮದುವೆ ಆಗ್ತೀರಾ?”

“ಆಗ್ತೀನಿ.”

ಭಾನುವಾರ ಅಕ್ಕ ಬಂದು ಅವನ ಮನೆಯ ಬೆಲ್ ಒತ್ತಿದಾಗ ಬಾಗಿಲು ತೆಗೆದವಳು ನಾನು. ಆಕೆ ನನ್ನನ್ನು ನೋಡಿದರು, ಕೊಂಚ ಸಣ್ಣಗಾದ ಗುಂಡನನ್ನು ನೋಡಿದರು, ಹಿಂದೆ ಪೆಚ್ಚಾಗಿ ನಗುತ್ತ ನಿಂತಿದ್ದ ತಮ್ಮನನ್ನು ನೋಡಿದರು.

“ಬೆಕ್ಕು ನೋಡ್ಕೋ ಅಂದ್ರೆ ಏನೋ ನೋಡ್ಕೊಂಡೆ ನೀನು?” ಎಂದು ಅವನ ಕಿವಿ ಹಿಂಡಿ, ನನ್ನನ್ನು ತಬ್ಬಿಕೊಂಡರು.

ಗುಂಡ ತಾನಾಗಿಯೇ ಬುಟ್ಟಿಯೊಳಗೆ ಹೋಗಿ ಕೂತ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕೆಲಸ ಮುಗಿದಿತ್ತು.